ಕೊಂದದ್ದು ವಂಶವಾಹಿಯೇ, ವಿಳಂಬವೇ?

ಮಾಗಡಿ ರಸ್ತೆಗೂ ವಿಜಯನಗರಕ್ಕೂ ನಡುವಿನ ಒಂದು ಇಕ್ಕಟ್ಟಾದ ಗಲ್ಲಿ. ಅಲ್ಲಿನ ಒಂದು ಕೋಣೆಯ ಮನೆಯಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಊದುಬತ್ತಿ ಹೊಸೆದು ಮಕ್ಕಳನ್ನು ಸಾಕಿದ ತಾಯಿಯೊಬ್ಬರಿದ್ದರು. ಗಲ್ಲಿಯ ಮಕ್ಕಳಿಗೆಲ್ಲ ಅವರು ಖಾಲಾ. ಜೀವಮಾನದಲ್ಲಿ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಅವರಿಗೆ ಕೆಮ್ಮು ಹಿಡಿಯಿತು. ಕಫದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಎಕ್ಸ್‌ರೇಯಲ್ಲಿ ನೆರಳೊಂದು ಕಂಡಿತು. ಅಷ್ಟರಿಂದಲೇ ಕ್ಷಯವೆಂದು ತೀರ್ಮಾನವಾಗಿ ಆರು ತಿಂಗಳು ಮಾತ್ರೆ ನುಂಗಿದರು. ನೆರಳು ಕರಗಲಿಲ್ಲ, ಬೆಳೆಯಿತು. ಕೊನೆಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಗುವ ಹೊತ್ತಿಗೆ ಅದು ಬೆನ್ನುಮೂಳೆಗೆ ಇಳಿದಿತ್ತು. ಮೂರು ವಾರಗಳಲ್ಲಿ ಮಯ್ಯಿತ್ ಮನೆಯಿಂದ ಹೊರಟಿತು.

ಆ ದಿನಗಳಲ್ಲಿ ಎರಡು ಮಾತುಗಳನ್ನು ನಾನು ಕೇಳಿದೆ. ಒಂದನ್ನು ವೈದ್ಯರೊಬ್ಬರು ಪೀಣ್ಯದಲ್ಲಿ ದುಡಿಯುವ ಅವರ ಮಗನಿಗೆ ಹೇಳಿದ್ದರು: “ನಿಮ್ಮ ಜನರಲ್ಲಿ ಇದೆಲ್ಲ ಹೆಚ್ಚು, ರಕ್ತದಲ್ಲೇ ಬರುವಂಥದ್ದು.” ಇನ್ನೊಂದನ್ನು ದಫನ್ ಮುಗಿಸಿ ಖಬರಸ್ತಾನದಿಂದ ಮರಳುವಾಗ ನಮ್ಮ ಹಿರಿಯರೊಬ್ಬರು ಅದೇ ಹುಡುಗನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: “ಬೇಟಾ, ತಕ್ದೀರ್. ಯಾರೇನು ಮಾಡಲಾದೀತು?” ಹುಡುಗ ನನ್ನ ಕಡೆ ತಿರುಗಿ, “ಹಜ್ರತ್, ಇವೆರಡರಲ್ಲಿ ಯಾವುದು ನಿಜ?” ಎಂದು ಕೇಳಿದ.

ನಾನು ಅಂದು ಉತ್ತರಿಸಲಿಲ್ಲ. ಇಂದು ಉತ್ತರಿಸುತ್ತಿದ್ದೇನೆ. ಈ ಎರಡು ಮಾತುಗಳು ಬೇರೆ ಬೇರೆ ಬಾಯಿಂದ ಬಂದಿದ್ದರೂ ಮೂಲತಃ ಒಂದೇ ಮಾತು. ಒಂದು ವಿಜ್ಞಾನದ ಅಂಗಿ ತೊಟ್ಟಿದೆ, ಇನ್ನೊಂದು ಧರ್ಮದ ಜುಬ್ಬಾ ತೊಟ್ಟಿದೆ. ಎರಡರ ಉದ್ದೇಶವೂ ಒಂದೇ: ಆರು ತಿಂಗಳ ವಿಳಂಬಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಏಳದಂತೆ ನೋಡಿಕೊಳ್ಳುವುದು.

ಮೊದಲು ವೈದ್ಯರ ಮಾತನ್ನು ನೋಡೋಣ. ರಕ್ತ, ವಂಶ, ಜನಾಂಗ ಎಂಬ ಪದಗಳನ್ನು ಕ್ಯಾನ್ಸರಿನೊಂದಿಗೆ ಜೋಡಿಸುವುದು ಇತ್ತೀಚೆಗೆ ಸಾಮಾನ್ಯವಾಗಿದೆ. ವಂಶವಾಹಿಗಳಿಗೆ ಏನೂ ಪಾತ್ರವಿಲ್ಲವೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಅದು ಅಜ್ಞಾನವಾಗುತ್ತದೆ. 2006ರಲ್ಲಿ ಹವಾಯಿ ಮತ್ತು ಲಾಸ್ ಏಂಜಲಿಸ್‌ನ ಜನರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ ಮೂವತ್ತಕ್ಕೆ ಮೀರದಷ್ಟು ಸಿಗರೇಟು ಸೇದುವವರಲ್ಲಿ, ಆಫ್ರಿಕನ್ ಮೂಲದ ಅಮೆರಿಕನ್ನರಿಗೂ ಹವಾಯಿಯ ಮೂಲನಿವಾಸಿಗಳಿಗೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಿಳಿಯರಿಗಿಂತ ಹೆಚ್ಚೆಂದು ಅದು ತೋರಿಸಿತು. 2008ರಲ್ಲಿ ಹದಿನೈದನೆಯ ವರ್ಣತಂತುವಿನ ಒಂದು ಭಾಗಕ್ಕೂ ಈ ರೋಗಕ್ಕೂ ನಂಟಿದೆ ಎಂದು ಹಲವು ಸಂಶೋಧಕರ ತಂಡಗಳು ಒಮ್ಮೆಗೇ ಕಂಡುಕೊಂಡವು. ಇವೆಲ್ಲ ಸತ್ಯ. ಆದರೆ ರೋಗ ಬರುವ ಸಾಧ್ಯತೆ ಒಂದು ವಿಷಯ, ರೋಗ ಬಂದ ಮೇಲೆ ಬದುಕುಳಿಯುವ ಸಾಧ್ಯತೆ ಮತ್ತೊಂದು ವಿಷಯ. ಮೊದಲನೆಯದರ ಸಾಕ್ಷ್ಯವನ್ನು ತಂದು ಎರಡನೆಯದರ ತೀರ್ಪು ಬರೆಯುವುದು ವಿಜ್ಞಾನವಲ್ಲ, ಕೈಚಳಕ.

ಬದುಕುಳಿಯುವಿಕೆಯ ವಿಷಯದಲ್ಲಿ ಜನಾಂಗದ ಪಾತ್ರವೇನು? ಈ ಪ್ರಶ್ನೆಯನ್ನು ಅಮೆರಿಕ ಬಹಳ ಹಿಂದೆಯೇ ಕೇಳಿಕೊಂಡಿದೆ. ಅಲ್ಲಿ ಕರಿಯರು ಈ ರೋಗದಿಂದ ಬಿಳಿಯರಿಗಿಂತ ಬೇಗ ಸಾಯುತ್ತಿದ್ದರು. ಅದು ಅವರ ದೇಹಪ್ರಕೃತಿ ಎಂದು ಹೇಳುವವರು ಇದ್ದೇ ಇದ್ದರು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದು 65 ವರ್ಷ ದಾಟಿದ, ಆರಂಭಿಕ ಹಂತದಲ್ಲೇ ರೋಗ ಪತ್ತೆಯಾಗಿದ್ದ 10,984 ಮಂದಿಯ ದಾಖಲೆಗಳನ್ನು ತೆರೆದು ನೋಡಿತು. ಅವರೆಲ್ಲರಿಗೂ ಸರಕಾರಿ ವಿಮೆಯಿತ್ತು. ಐದು ವರ್ಷ ಬದುಕುಳಿದವರು ಬಿಳಿಯರಲ್ಲಿ ಶೇ. 34.1, ಕರಿಯರಲ್ಲಿ ಶೇ. 26.4. ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದರೆ ಜನಾಂಗವಾದಿಗೆ ಹಬ್ಬ. ಆದರೆ ಮುಂದಿನ ಪುಟದಲ್ಲಿ ಬೇರೊಂದು ಅಂಕಿಯಿತ್ತು. ಶಸ್ತ್ರಚಿಕಿತ್ಸೆ ದೊರೆತದ್ದು ಬಿಳಿಯರಲ್ಲಿ ಶೇ. 76.7 ಮಂದಿಗೆ, ಕರಿಯರಲ್ಲಿ ಶೇ. 64 ಮಂದಿಗೆ ಮಾತ್ರ. ಶಸ್ತ್ರಚಿಕಿತ್ಸೆ ದೊರೆತವರನ್ನಷ್ಟೇ ತೆಗೆದುಕೊಂಡರೆ ಇಬ್ಬರೂ ಹೆಚ್ಚುಕಡಿಮೆ ಸಮಾನವಾಗಿ ಬದುಕಿದ್ದರು! ಚರ್ಮದ ಬಣ್ಣ ಕೊಂದಿರಲಿಲ್ಲ. ಚರ್ಮದ ಬಣ್ಣ ನೋಡಿ ನಿರ್ಧರಿಸಿದ ಕೈ ಕೊಂದಿತ್ತು.

ಅಳೆಯುವ ಕೋಲೇ ವಕ್ರವಾಗಿದ್ದ ಉದಾಹರಣೆಗಳೂ ಇವೆ. ಕರಿಯರ ಶ್ವಾಸಕೋಶದ ಸಾಮರ್ಥ್ಯ ಹುಟ್ಟಿನಿಂದಲೇ ಕಡಿಮೆ ಎಂಬ ಸಿದ್ಧಾಂತವನ್ನು 19ನೆಯ ಶತಮಾನದ ಮಧ್ಯದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಅಮೆರಿಕನ್ ವೈದ್ಯ ಹರಡಿದ. ಆತ ಗುಲಾಮಗಿರಿಯ ಬಹಿರಂಗ ಸಮರ್ಥಕ. ಬಲವಂತದ ದುಡಿಮೆಯಿಂದ ಅವರ ಶ್ವಾಸಕೋಶಕ್ಕೆ ಒಳ್ಳೆಯದಾಗುತ್ತದೆ ಎಂಬುದು ಅವನ ವಾದ! ಗುಲಾಮಗಿರಿ ಹೋಯಿತು. ಆದರೆ ಉಸಿರಿನ ಪರೀಕ್ಷೆಯಲ್ಲಿ ಜನಾಂಗ ನೋಡಿ ಅಂಕಿ ತಿದ್ದುವ ಪದ್ಧತಿ ಉಳಿಯಿತು. ಅದನ್ನು ಕೈಬಿಡಬೇಕೆಂದು ಅಮೆರಿಕದ ಎದೆರೋಗ ತಜ್ಞರ ಸಂಘ ಶಿಫಾರಸು ಮಾಡಿದ್ದು 2023ರಲ್ಲಿ. ಸುಳ್ಳೊಂದು ಬಿಳಿ ಕೋಟು ತೊಟ್ಟು ಆಸ್ಪತ್ರೆ ಹೊಕ್ಕರೆ ಹೊರಬರಲು ಎಷ್ಟು ಕಾಲ ಬೇಕು ನೋಡಿ.

ಈಗ ನಮ್ಮ ಕಡೆಗೆ ಬರೋಣ. 2003ರಲ್ಲಿ ಅಮೆರಿಕದಲ್ಲಿ ಜೆಫಿಟಿನಿಬ್ ಎಂಬ ಮಾತ್ರೆಗೆ ಅನುಮತಿ ದೊರೆಯಿತು. ಬಹುತೇಕ ರೋಗಿಗಳ ಮೇಲೆ ಅದು ಪರಿಣಾಮ ಬೀರಲಿಲ್ಲ. ಆದರೆ ಕೆಲವರಲ್ಲಿ, ಅದರಲ್ಲೂ ಏಷ್ಯಾ ಮೂಲದವರು, ಮಹಿಳೆಯರು ಮತ್ತು ಧೂಮಪಾನ ಮಾಡದವರಲ್ಲಿ, ಗಡ್ಡೆ ಕಣ್ಣೆದುರೇ ಕುಗ್ಗಿತು. ಇದೊಂದು ಏಷ್ಯನ್ನರ ಔಷಧಿ ಎಂಬ ಮಾತು ಹುಟ್ಟಿಕೊಂಡಿತು. 2004ರಲ್ಲಿ ಗುಟ್ಟು ರಟ್ಟಾಯಿತು. ಗಡ್ಡೆಯ ಜೀವಕೋಶಗಳಲ್ಲಿ ಇಜಿಎಫ್‌ಆರ್ ಎಂಬ ವಂಶವಾಹಿಯಲ್ಲಿ ಒಂದು ನಿರ್ದಿಷ್ಟ ಬದಲಾವಣೆ ಆಗಿದ್ದರೆ ಮಾತ್ರೆ ಕೆಲಸ ಮಾಡುತ್ತದೆ. ಆಗಿರದಿದ್ದರೆ ಇಲ್ಲ. 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ನಿಸ್ಸಂದೇಹವಾಗಿ ಸ್ಥಾಪಿಸಿತು. ಅದರಲ್ಲಿ ಪಾಲ್ಗೊಂಡವರೆಲ್ಲ ಪೂರ್ವ ಏಷ್ಯಾದವರು, ಹೆಚ್ಚಿನವರು ಧೂಮಪಾನ ಮಾಡದವರು. ಅವರಲ್ಲಿ ಈ ಬದಲಾವಣೆ ಇದ್ದವರ ಪೈಕಿ ಸುಮಾರು ಶೇ. 71 ಮಂದಿಯ ಗಡ್ಡೆ ಮಾತ್ರೆಗೆ ಕುಗ್ಗಿತು. ಬದಲಾವಣೆ ಇಲ್ಲದವರಲ್ಲಿ ಕುಗ್ಗಿದ್ದು ಶೇ. 1 ಮಂದಿಗೆ! ಒಂದೇ ಜನಾಂಗ, ಒಂದೇ ಮಾತ್ರೆ. ಫಲ ಮಾತ್ರ ಆಕಾಶ-ಭೂಮಿಯಷ್ಟು ಬೇರೆ. ಜನಾಂಗದ ಹೆಸರು ಕೇಳಿ ಔಷಧಿ ಕೊಡುವವನು ಕುರುಡ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ಈ ಬದಲಾವಣೆ ಸಾಮಾನ್ಯವಾಗಿ ತಂದೆ-ತಾಯಿಯಿಂದ ಬರುವುದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಅದು ಗಡ್ಡೆಯೊಳಗೆ, ಆ ವ್ಯಕ್ತಿಯ ಜೀವಿತಾವಧಿಯಲ್ಲಿ ಹುಟ್ಟುವಂಥದ್ದು. ಆದ್ದರಿಂದ “ರಕ್ತದಲ್ಲೇ ಬರುವಂಥದ್ದು” ಎಂಬ ಮಾತು ಕ್ರೂರವೂ ಹೌದು, ತಪ್ಪೂ ಹೌದು. ಆ ಮಾತಿನಿಂದಾಗಿ ಎಷ್ಟು ಹೆಣ್ಣುಮಕ್ಕಳ ನಿಕಾಹ್ ಮಾತುಕತೆಗಳು ಮುರಿದಿವೆಯೋ ಅಲ್ಲಾಹನೇ ಬಲ್ಲ.

ಬಿಳಿಯರ ಗಡ್ಡೆಗಳಲ್ಲಿ ಈ ಬದಲಾವಣೆ ಕಾಣುವುದು ಹೆಚ್ಚೆಂದರೆ ಏಳರಲ್ಲೊಬ್ಬರಲ್ಲಿ. ಭಾರತದ ಅಧ್ಯಯನಗಳು ಸಾಮಾನ್ಯವಾಗಿ ನಾಲ್ವರಲ್ಲೊಬ್ಬರಿಂದ ಮೂವರಲ್ಲೊಬ್ಬರವರೆಗೆ ತೋರಿಸುತ್ತವೆ. ಧೂಮಪಾನ ಮಾಡದ ಮಹಿಳೆಯರಲ್ಲಿ ಇದು ಇನ್ನೂ ಹೆಚ್ಚು. ಅಂದರೆ ಜೀವಮಾನವಿಡೀ ಬೀಡಿ ಸೇದಿದ ಗಂಡನಿಗಿಂತ, ಬೀಡಿ ಮುಟ್ಟದ ಆ ಖಾಲಾರ ಗಡ್ಡೆ ಮಾತ್ರೆಗೆ ಮಣಿಯುವಂಥದ್ದಾಗಿರುವ ಸಾಧ್ಯತೆ ಹೆಚ್ಚಿತ್ತು. ಮಾತ್ರೆ ರೋಗವನ್ನು ಬೇರುಸಹಿತ ಕೀಳುವುದಿಲ್ಲ ನಿಜ. ಆದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಎದ್ದು ಓಡಾಡುವ ಬದುಕನ್ನು ಕೊಡಬಲ್ಲದು. ಅವರ ಗಡ್ಡೆಯನ್ನು ಆ ಪರೀಕ್ಷೆಗೆ ಕಳುಹಿಸಲೇ ಇಲ್ಲ. ವಂಶವಾಹಿಯ ಹೆಸರು ಹೇಳಿದವರು ವಂಶವಾಹಿಯನ್ನು ಪರೀಕ್ಷಿಸಲಿಲ್ಲ! ವಂಶವಾಹಿ ವಿಜ್ಞಾನವು ರೋಗಿಗೆ ದಾರಿ ತೋರಿಸಬೇಕಾದ ಕಡೆ ಮೌನವಾಗಿದ್ದು, ಆಕೆ ಸತ್ತ ಮೇಲೆ ಸಮಜಾಯಿಷಿ ಕೊಡಲು ಬಾಯಿ ತೆರೆಯುವುದಾದರೆ ಅಂಥ ವಿಜ್ಞಾನ ಯಾರಿಗೆ ಬೇಕು?

ಜನಾಂಗವೇ ಆಯುಸ್ಸನ್ನು ನಿರ್ಧರಿಸುವುದಾದರೆ ಇನ್ನೊಂದು ಪ್ರಶ್ನೆಗೂ ಉತ್ತರ ಬೇಕು. ಜಗತ್ತಿನ ದೇಶಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ವರದಿಯಂತೆ, ಬಹುತೇಕ ದೇಶಗಳಲ್ಲಿ ಈ ರೋಗ ಬಂದವರಲ್ಲಿ ಐದು ವರ್ಷ ಬದುಕುವವರು ಶೇ. 10ರಿಂದ 20ರೊಳಗೆ. ಜಪಾನಿನಲ್ಲಿ ಮಾತ್ರ ಶೇ. 33ರ ಆಸುಪಾಸು. ಜಪಾನೀಯರೂ ಏಷ್ಯನ್ನರು, ನಾವೂ ಏಷ್ಯನ್ನರು. ಅವರಿಗೆ ದೊರೆತದ್ದು ನಮಗೇಕೆ ದೊರೆಯುತ್ತಿಲ್ಲ? ಅಲ್ಲಿ ದಶಕಗಳಿಂದ ಎದೆಯ ತಪಾಸಣೆ ವ್ಯವಸ್ಥಿತವಾಗಿ ನಡೆಯುತ್ತದೆ, ರೋಗ ಚಿಕ್ಕದಾಗಿರುವಾಗಲೇ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ರೋಗಿಗಳ ಪೈಕಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ರೋಗ ಹರಡಿದ ಮೇಲೆಯೇ ತಜ್ಞರ ಬಾಗಿಲು ತಟ್ಟುತ್ತಾರೆ. ವ್ಯತ್ಯಾಸವಿರುವುದು ರಕ್ತದಲ್ಲಲ್ಲ, ಕ್ಯಾಲೆಂಡರಿನಲ್ಲಿ.

ನಮ್ಮ ದೇಶದೊಳಗಿನ ಉದಾಹರಣೆಯೇ ಬೇಕೆಂದರೆ ಪಾರ್ಸಿಗಳನ್ನು ನೋಡಿ. 1963ರಲ್ಲಿ ಆರಂಭವಾದ ಮುಂಬಯಿಯ ಕ್ಯಾನ್ಸರ್ ನೋಂದಣಿಯು ರೋಗಿಗಳ ಧರ್ಮವನ್ನೂ ದಾಖಲಿಸಿಕೊಂಡಿತ್ತು. ಪಾರ್ಸಿಗಳಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು, ಬಾಯಿ-ಗಂಟಲು-ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಅದು ತೋರಿಸಿತು. ಪಾರ್ಸಿಗಳು ತಮ್ಮೊಳಗೇ ವಿವಾಹವಾಗುವ ಸಣ್ಣ ಸಮುದಾಯ. ವಂಶವಾಹಿಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಶ್ವಾಸಕೋಶದ ವಿಷಯದಲ್ಲಿ ವಿವರಣೆ ಬಹಳ ಸರಳವಾಗಿತ್ತು. ಅಗ್ನಿಯನ್ನು ಪವಿತ್ರವೆಂದು ನಂಬುವ ಅವರು ಬೀಡಿ, ಸಿಗರೇಟು ಸೇದುವುದಿಲ್ಲ. ಅವರ ಶ್ವಾಸಕೋಶವನ್ನು ಕಾಪಾಡಿದ್ದು ರಕ್ತವಲ್ಲ, ಶಿಸ್ತು.

ಈ ಮಾತು ನಮ್ಮನ್ನು ಇರಿಯಬೇಕು. ಸಿಗರೇಟಿನ ಹೊಗೆಯಿಂದ ಮಸೀದಿಯ ಮುಂದಿನ ಕಟ್ಟೆ ಯಾವಾಗ ಮುಕ್ತವಾಗಿದೆ? ನಮಾಝ್ ಮುಗಿಸಿ ಚಪ್ಪಲಿ ಮೆಟ್ಟುವ ಮೊದಲೇ ಕಿಸೆಗೆ ಕೈಹಾಕುವವರು ಪಾದರಾಯನಪುರದಲ್ಲೂ ಇದ್ದಾರೆ, ಗೋರಿಪಾಳ್ಯದಲ್ಲೂ ಇದ್ದಾರೆ, ಕೆಂಗೇರಿಯಲ್ಲೂ ಇದ್ದಾರೆ. ಬೀಡಿ ಹರಾಮೋ ಮಕ್ರೂಹೋ ಎಂಬ ಚರ್ಚೆಯಲ್ಲಿ ನಾವು ತಲೆಮಾರುಗಳನ್ನು ಕಳೆದೆವು. ಚರ್ಚಿಸಿದವರ ಎದೆಯೊಳಗೇ ರೋಗ ಕುಳಿತಿತ್ತು. ಒಂದು ಕೋಣೆಯ ಮನೆಯಲ್ಲಿ ಗಂಡ ಬಿಟ್ಟ ಹೊಗೆಯನ್ನು ಹೆಂಡತಿ-ಮಕ್ಕಳು ಉಸಿರಾಡುತ್ತಾರೆ. ನಾವು ಪಾನನಿರೋಧದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುತ್ತೇವೆ, ಬೀಡಿಯ ಬಗ್ಗೆ ಮಾತನಾಡಲು ನಾಚುತ್ತೇವೆ. ಏಕೆಂದರೆ ಭಾಷಣಕಾರನ ಕಿಸೆಯಲ್ಲೂ ಅದು ಇರಬಹುದು.

ಇನ್ನು ಹಿರಿಯರ ತಕ್ದೀರ್. ವಿಧಿಯಲ್ಲಿ ನಂಬಿಕೆ ನಮ್ಮ ಈಮಾನಿನ ಭಾಗ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಆ ನಂಬಿಕೆಯ ಅರ್ಥವನ್ನು ಖಲೀಫಾ ಉಮರ್(ರ)ರಿಂದ ಕಲಿಯೋಣವೋ ನಮ್ಮ ಸೋಮಾರಿತನದಿಂದ ಕಲಿಯೋಣವೋ? ಅವರು ಸಿರಿಯಾ ಕಡೆ ಹೊರಟಿದ್ದಾಗ ಅಲ್ಲಿ ಪ್ಲೇಗು ಹರಡಿರುವ ಸುದ್ದಿ ಬಂತು. ಸಮಾಲೋಚಿಸಿ ಮರಳಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಅಬೂ ಉಬೈದಾ(ರ) ಕೇಳಿದರು. ತಾವು ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರದ ಸಾರವಾಗಿತ್ತು. ಪರೀಕ್ಷೆಯೂ ವಿಧಿಯೇ, ಔಷಧಿಯೂ ವಿಧಿಯೇ. ಬಾಗಿಲು ತೆರೆದಿದ್ದರೂ ಒಳಗೆ ಹೋಗದೆ ಹೊರಗೆ ಬಿದ್ದು ಸಾಯುವುದನ್ನು ತವಕ್ಕುಲ್ ಎನ್ನುವುದು ಧರ್ಮಕ್ಕೆ ಮಾಡುವ ಅವಮಾನ. ಮರಣದ ನಂತರ ಸಮಾಧಾನಕ್ಕಾಗಿ ಇರುವ ಮಾತನ್ನು ಮರಣದ ಮುಂಚೆ ನೆಪವಾಗಿ ಬಳಸುವ ಅಧಿಕಾರ ನಮಗಿಲ್ಲ. ಅರಬನಿಗೆ ಅರಬೇತರನ ಮೇಲೆ ಹಿರಿಮೆಯಿಲ್ಲವೆಂದು ವಿದಾಯದ ಹಜ್ಜ್‌ನಲ್ಲಿ ಸಾರಿದ ಪ್ರವಾದಿಯವರ(ಸ) ಅನುಯಾಯಿಗಳು, ಜನಾಂಗ ನೋಡಿ ಆಯುಸ್ಸು ಹೇಳುವ ಮಾತನ್ನು ತಲೆಬಾಗಿ ಒಪ್ಪಿಕೊಳ್ಳುವುದಾದರೂ ಹೇಗೆ?

ಸರಕಾರಗಳ ಪಾಲೇನು ಎಂಬುದನ್ನೂ ಕೇಳಬೇಕು. ತಂಬಾಕಿನ ಪೊಟ್ಟಣದ ಮೇಲಿನ ಶೇ. 85 ಚಿತ್ರ ಎಚ್ಚರಿಕೆಯ ನಿಯಮ 2017ರ ಡಿಸೆಂಬರಿನಲ್ಲಿ ರದ್ದಾದದ್ದು ನಮ್ಮ ರಾಜ್ಯದ ಹೈಕೋರ್ಟಿನಲ್ಲೇ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿದ್ದರಿಂದ ಎಚ್ಚರಿಕೆ ಉಳಿಯಿತು. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯು ಬೀಡಿಯ ತೆರಿಗೆಯನ್ನು ಶೇ. 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿ ಕಟ್ಟುವ ಬಡವರ ಹೆಸರಿನಲ್ಲಿ ಬೀಡಿ ಸೇದುವ ಬಡವರನ್ನು ಬಲಿಕೊಡುವುದು ಯಾವ ನ್ಯಾಯ? ಕಟ್ಟುವವರಿಗೆ ಬೇರೆ ಉದ್ಯೋಗ ಕೊಡುವುದು ಸರಕಾರದ ಕರ್ತವ್ಯ, ಸೇದುವವರಿಗೆ ವಿಷವನ್ನು ಅಗ್ಗ ಮಾಡುವುದಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಘೋಷಿಸಿತು. 2013ರಲ್ಲಿ ಮಲಿನಗೊಂಡ ಗಾಳಿಯನ್ನೂ ಅದೇ ಪಟ್ಟಿಗೆ ಸೇರಿಸಿತು. ಮೈಸೂರು ರಸ್ತೆಯ ಬದಿಯಲ್ಲಿ ಬದುಕುವವರಿಗೆ ಆ ಗಾಳಿಯಿಂದ ಓಡಿಹೋಗಲು ಜಾಗವೆಲ್ಲಿದೆ?

ಒಳ್ಳೆಯದಾಗಿರುವುದನ್ನೂ ಒಪ್ಪಿಕೊಳ್ಳೋಣ. ಜೆಫಿಟಿನಿಬ್‌ನ ಪೇಟೆಂಟ್ ಅರ್ಜಿಯನ್ನು ಭಾರತ 2007ರಲ್ಲಿ ತಿರಸ್ಕರಿಸಿದ್ದರಿಂದ ನಮ್ಮ ಕಂಪೆನಿಗಳೇ ಅದನ್ನು ಕಡಿಮೆ ಬೆಲೆಗೆ ತಯಾರಿಸುತ್ತಿವೆ. 2019ರಲ್ಲಿ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರಿ ಲಾಭಕ್ಕೆ ಶೇ. 30ರ ಮಿತಿ ಬಂತು. ಹೊಸ ತಲೆಮಾರಿನ ಔಷಧಿಯಾದ ಒಸಿಮರ್ಟಿನಿಬ್‌ನ ಆಮದು ಸುಂಕವನ್ನು 2024ರ ಬಜೆಟ್ಟಿನಲ್ಲಿ ತೆಗೆಯಲಾಯಿತು. 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಹತ್ತು ಸಾವಿರ ಭಾರತೀಯರ ವಂಶವಾಹಿ ಸಮೂಹವನ್ನು ಓದಲಾಗಿದೆ. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಡಲಾಯಿತು. ಯಶವಂತಪುರದ ಪಕ್ಕದಲ್ಲೇ ದೇಶದ ವಂಶವಾಹಿ ಓದಲಾಗುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಊದುಬತ್ತಿ ಹೊಸೆಯುವ ಹೆಂಗಸಿನ ಗಡ್ಡೆಯ ಒಂದು ವಂಶವಾಹಿಯನ್ನು ಓದುವವರಿಲ್ಲ. ಇದಲ್ಲವೇ ನಮ್ಮ ಕಾಲದ ವ್ಯಂಗ್ಯ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ಕಫದಲ್ಲಿ ಕ್ಷಯ ಕಾಣದಿದ್ದರೂ ಕ್ಷಯದ ಮಾತ್ರೆ ಆರಂಭಿಸಿದ ಪ್ರತಿ ರೋಗಿಯನ್ನು ಎರಡು ತಿಂಗಳೊಳಗೆ ಮರುಪರೀಕ್ಷಿಸಬೇಕು. ನೆರಳು ಕರಗಿಲ್ಲವಾದರೆ ಸಿ.ಟಿ. ಸ್ಕ್ಯಾನ್, ಬಯಾಪ್ಸಿ ಕಡ್ಡಾಯವಾಗಬೇಕು. ಬಯಾಪ್ಸಿಯಲ್ಲಿ ಈ ಬಗೆಯ ಕ್ಯಾನ್ಸರ್ ಕಂಡರೆ ವಂಶವಾಹಿ ಪರೀಕ್ಷೆ ಬಡವನಿಗೂ ಖರ್ಚಿಲ್ಲದೆ ಆಗಬೇಕು. ಬೀಗಕ್ಕೆ ಹೊಂದುವ ಕೀಲಿ ಯಾವುದೆಂದು ನೋಡದೆ ಕೀಲಿಯ ಬೆಲೆ ಇಳಿಸಿ ಪ್ರಯೋಜನವೇನು? 1982ರಿಂದ ಬೆಂಗಳೂರಿನ ಕ್ಯಾನ್ಸರ್ ಲೆಕ್ಕವಿಡುತ್ತಿರುವ ನೋಂದಣಿಯು ಯಾವ ಬಡಾವಣೆಯವರು, ಯಾವ ಆದಾಯದವರು ಎಷ್ಟು ಕಾಲ ಬದುಕಿದರೆಂಬುದನ್ನೂ ಪ್ರಕಟಿಸಲಿ. ಬಸವೇಶ್ವರನಗರದ ಅಗಲ ರಸ್ತೆಯವರಿಗೂ ಪಾದರಾಯನಪುರದ ಗಲ್ಲಿಯವರಿಗೂ ನಡುವಿನ ಅಂತರ ಆಗ ಬೆಳಕಿಗೆ ಬರುತ್ತದೆ. ಆ ಅಂತರಕ್ಕೆ ವಂಶವಾಹಿಯ ಹೆಸರಿಡಲು ಯಾರಿಗೆ ಧೈರ್ಯ ಬರುತ್ತದೋ ನೋಡೋಣ.

ಸಮುದಾಯಕ್ಕೂ ಕೆಲಸವಿದೆ. ಪ್ರತಿ ವರ್ಷ ರಮಝಾನಿನಲ್ಲಿ ಮೊಹಲ್ಲಾಗಳಲ್ಲಿ ಲಕ್ಷಾಂತರ ರೂಪಾಯಿ ಝಕಾತ್ ಬಿಡಿಬಿಡಿಯಾಗಿ ಹಂಚಿಹೋಗುತ್ತದೆ. ಅದರ ಒಂದು ಪಾಲನ್ನು ಜಮಾಅತ್ ಕಮಿಟಿಗಳು ಬಡ ರೋಗಿಗಳ ಪರೀಕ್ಷೆಗಾಗಿ ಮೀಸಲಿಡಲಿ. ಮೂರು ವಾರ ಮೀರಿದ ಕೆಮ್ಮನ್ನು ಕಡೆಗಣಿಸಬೇಡಿರೆಂದು ಖತೀಬರು ಜುಮಾದಲ್ಲಿ ಒಂದು ಮಾತು ಹೇಳಲಿ. ಹೆಂಗಸರ ಕೆಮ್ಮನ್ನು ಅಡುಗೆಮನೆಯ ಹೊಗೆ ಎಂದು ತಳ್ಳಿಹಾಕುವ ಚಾಳಿ ಗಂಡಸರಿಂದ ತೊಲಗಲಿ. ಓದುಬರಹ ಬಲ್ಲ ಇಬ್ಬರು ಯುವಕರು ರೋಗಿಯೊಂದಿಗೆ ಕಿದ್ವಾಯಿ ಆಸ್ಪತ್ರೆಗೆ ಹೋಗಿ, ಚೀಟಿ ಬರೆಸಿ, ಸಾಲಿನಲ್ಲಿ ನಿಂತು, ಪರೀಕ್ಷೆಯ ಹೆಸರು ಕೇಳಿ ಬರಲಿ. ಆ ಆಸ್ಪತ್ರೆ ಹೊತ್ತಿರುವುದು ರಫಿ ಅಹ್ಮದ್ ಕಿದ್ವಾಯಿಯವರ ಹೆಸರನ್ನು. ಆ ಸ್ವಾತಂತ್ರ್ಯ ಹೋರಾಟಗಾರ ನೆಹರೂ ಸಂಪುಟದ ಆಹಾರ ಮಂತ್ರಿಯಾಗಿ, ಧರ್ಮ ನೋಡದೆ ಹಸಿದವರ ತಟ್ಟೆಗೆ ಅನ್ನ ತಲುಪಿಸಲು ದುಡಿದವರು. ಅವರ ಹೆಸರಿನ ಕಟ್ಟಡದ ಮುಂದಿನ ಸಾಲಿನಲ್ಲಿ ಎಲ್ಲ ಧರ್ಮದ, ಎಲ್ಲ ಜಾತಿಯ ಬಡವರು ಒಂದೇ ಬಗೆಯ ಫೈಲು ಹಿಡಿದು ನಿಂತಿರುತ್ತಾರೆ. ಅಲ್ಲಿಗೊಮ್ಮೆ ಹೋಗಿ ನಿಂತು ನೋಡಿದವನು ಈ ರೋಗಕ್ಕೆ “ನಿಮ್ಮ ಜನ”, “ನಮ್ಮ ಜನ” ಎಂಬ ಭೇದ ಕಟ್ಟಲಾರ.

ಆ ಹುಡುಗನಿಗೆ ನನ್ನ ಉತ್ತರವಿಷ್ಟೇ. ತಮ್ಮಾ, ನಿನ್ನ ತಾಯಿಯ ರಕ್ತದಲ್ಲಿ ಕಳಂಕವಿರಲಿಲ್ಲ. ಅವರ ಮರಣ ಅಲ್ಲಾಹನು ನಿಗದಿಪಡಿಸಿದ ಗಳಿಗೆಯಲ್ಲೇ ಬಂತು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಆರು ತಿಂಗಳುಗಳ ಲೆಕ್ಕವನ್ನು ಕೊಡಬೇಕಾದವರು ನಾವು. ಇಲ್ಲಿ ಕೇಳುವವರಿಲ್ಲದಿರಬಹುದು. ಅಲ್ಲಿ ಕೇಳಲಾಗುತ್ತದೆ.